ಬಡ್ತಿ ಬೇಡ ಅಂತ ಬರೆದುಕೊಡುವ ಮುಂಚೆ

ಶಿವಮೊಗ್ಗದಲ್ಲಿ ಸರ್ಕಾರಿ ನೌಕರರಿಗೆ ಸೇವಾ ನಿಯಮಗಳ ಪಾಠ ಮಾಡುವುದು ನನ್ನ ಕೆಲಸ. ಬಡ್ತಿ ಪಟ್ಟಿ ಹೊರಬೀಳುವ ಹೊತ್ತಿಗೆ ಕೆಲವು ಹೆಣ್ಣುಮಕ್ಕಳು ಒಂದು ಹಾಳೆ ಹಿಡಿದುಕೊಂಡು ಬರುತ್ತಾರೆ. 'ಕೌಟುಂಬಿಕ ಕಾರಣಗಳಿಂದ ನನಗೆ ಬಡ್ತಿ ಬೇಡ.' ಇಷ್ಟೇ ಒಕ್ಕಣೆ. "ಮೇಡಂ, ಇದು ಸರಿ ಇದೆಯಾ ನೋಡಿ" ಅನ್ನುತ್ತಾರೆ. ಯಾಕೆ ಬೇಡ ಅಂತ ಕೇಳಿದರೆ ಹೊರಬರುವುದು ಬಸ್ಸಿನ ಸಮಯ, ಮಳೆ, ಮಗಳ ಎಸ್ಸೆಸ್ಸೆಲ್ಸಿ.

ಬಡ್ತಿ ಜೊತೆ ವರ್ಗಾವಣೆಯೂ ಬರುತ್ತದೆ. ಮಲೆನಾಡಿನಲ್ಲಿ ವರ್ಗಾವಣೆ ಅಂದರೆ ಹೊಸನಗರದಾಚೆ, ಆಗುಂಬೆ ಕಡೆ, ಇಲ್ಲವೇ ಶರಾವತಿ ಹಿನ್ನೀರಿನಾಚೆಯ ತುಮರಿ. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ಆಗುವವರೆಗೆ ತುಮರಿಯಲ್ಲಿ ಕೆಲಸ ಮಾಡುವವರು ಲಾಂಚ್ ಸಮಯ ನೋಡಿಕೊಂಡೇ ಫೈಲು ಮುಚ್ಚಬೇಕಿತ್ತು. 2023ರಿಂದ ಶಕ್ತಿ ಯೋಜನೆ ಇದೆ ನಿಜ. ಆದರೆ ಅದು ಸರ್ಕಾರಿ ಬಸ್ಸಿಗೆ ಮಾತ್ರ. ನಮ್ಮ ಕಡೆ ಎಷ್ಟೋ ಹಳ್ಳಿ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸೇ ಅಲ್ವಾ? ಗಂಡಸರಿಗೂ ವರ್ಗಾವಣೆ ಕಷ್ಟವೇ. ಆದರೆ ಅವರು ಅಲ್ಲೇ ರೂಮು ಮಾಡಿ ಶನಿವಾರ ಮನೆಗೆ ಬಂದರೆ ಯಾರೂ ಏನೂ ಕೇಳುವುದಿಲ್ಲ. ಅದೇ ಕೆಲಸ ಹೆಂಗಸು ಮಾಡಿದರೆ ಊರೆಲ್ಲ ಕೇಳುತ್ತದೆ.

ನನಗೆ ಇದಕ್ಕಿಂತ ಜಾಸ್ತಿ ಬೇಸರ ತರಿಸುವುದು ಟೇಬಲ್ ಹಂಚಿಕೆ. ಹೊಸದಾಗಿ ಬಂದ ಹುಡುಗಿಗೆ ಟಪಾಲು ಕೊಡುತ್ತಾರೆ, ಆವಕ-ಜಾವಕ ರಿಜಿಸ್ಟರು ಬರೆಯಲು. 'ಪಾಪ, ಐದೂವರೆಗೆ ಮನೆಗೆ ಹೋಗಬಹುದು' ಅನ್ನುವ ಕಾಳಜಿ ಬೇರೆ. ಟೆಂಡರ್, ಬಿಲ್ಲು, ಸ್ಥಳ ತನಿಖೆಯ ಫೈಲುಗಳು ಪಕ್ಕದ ಹುಡುಗನ ಟೇಬಲ್ಲಿಗೆ ಹೋಗುತ್ತವೆ. ವರ್ಷಗಳು ಕಳೆದ ಮೇಲೆ ಅವಳಿಗೆ ಬಡ್ತಿ ಬಂದಾಗ 'ಲೆಕ್ಕಪತ್ರ ಗೊತ್ತಿಲ್ಲ, ಹೇಗೆ ನಿಭಾಯಿಸುತ್ತಾರೆ?' ಅನ್ನುವವರು ಅದೇ ಕಚೇರಿಯವರು. ಕಲಿಯಲು ಬಿಟ್ಟಿದ್ದು ಯಾರು? ಅದಕ್ಕೇ ಹೇಳುತ್ತೇನೆ, ಕಷ್ಟದ ಟೇಬಲ್ ಅನ್ನು ಬಾಯಿಬಿಟ್ಟು ಕೇಳಿ, ಬರವಣಿಗೆಯಲ್ಲೇ ಕೇಳಿ. ಇಲಾಖಾ ಪರೀಕ್ಷೆಗಳನ್ನು ಸೇರಿದ ಮೊದಲ ವರ್ಷಗಳಲ್ಲೇ ಮುಗಿಸಿಬಿಡಿ. ಮಕ್ಕಳಾದ ಮೇಲೆ ಓದಲು ಕೂರುವುದು ಸುಲಭವಲ್ಲ.

ರಜೆ ಬಗ್ಗೆ ಸುಮ್ನೆ ಹೆದರುವವರೂ ಇದ್ದಾರೆ. ಹೆರಿಗೆ ರಜೆ 180 ದಿನ. ಅದನ್ನು ತೆಗೆದುಕೊಂಡಿದ್ದಕ್ಕೆ ಜ್ಯೇಷ್ಠತೆ, ಅಂದರೆ ಸೀನಿಯಾರಿಟಿ, ಹೋಗುವುದಿಲ್ಲ.

ಕೊಡಗಿನ ವಿರಾಜಪೇಟೆಯಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮ 1949ರಲ್ಲಿ ವಿದೇಶಾಂಗ ಸೇವೆಗೆ ಸೇರಿದವರು. ಆ ಸೇವೆಯಲ್ಲಿ ಹೆಂಗಸರು ಮದುವೆಯಾಗಲು ಸರ್ಕಾರದ ಅನುಮತಿ ಪಡೆಯಬೇಕಿತ್ತು. ಬಡ್ತಿ ತಪ್ಪಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅಂಥ ನಿಯಮಗಳನ್ನು ಕಟುವಾಗಿ ಟೀಕಿಸಿ, ಅವರ ಜ್ಯೇಷ್ಠತೆಯನ್ನು ಮತ್ತೆ ಪರಿಶೀಲಿಸಲು ಹೇಳಿದರು. ಮುತ್ತಮ್ಮನವರಿಗೆ ಬೊಟ್ಟು ಮಾಡಲು ಒಂದು ನಿಯಮವಾದರೂ ಇತ್ತು. ನನ್ನ ಮುಂದೆ ಕೂತವರ ಕೈಯಲ್ಲಿರುವುದು ಅವರೇ ಸಹಿ ಹಾಕಿದ ಪತ್ರ. ನಾಳೆ ಯಾರಾದರೂ ಕೇಳಿದರೆ ಕಚೇರಿಯವರು ಅದನ್ನೇ ತೋರಿಸುತ್ತಾರೆ.

ಒಮ್ಮೆ ನಿರಾಕರಿಸಿದರೆ ನಿಮಗಿಂತ ಕಿರಿಯರು ಮುಂದೆ ಹೋಗುತ್ತಾರೆ. ಮೇಲಿನ ಹುದ್ದೆಯಲ್ಲಿ ಅವರ ಹಿಂದೆಯೇ ನಿಲ್ಲಬೇಕಾಗುತ್ತದೆ. ಹಾಗಾಗಿ ಆ ಹಾಳೆ ಕೊಡುವ ಮುಂಚೆ ಇನ್ನೊಂದು ಮನವಿ ಬರೆಯಿರಿ. ಹತ್ತಿರದ ತಾಲ್ಲೂಕಿನಲ್ಲಿ ಯಾವ ಹುದ್ದೆ ಖಾಲಿ ಇದೆ ವಿಚಾರಿಸಿ, ಅದರ ಹೆಸರು ಹಾಕಿ. ಗಂಡ ಸರ್ಕಾರಿ ನೌಕರಿಯಲ್ಲಿದ್ದರೆ ಅದನ್ನೂ ಸೇರಿಸಿ. ಬಸ್ಸಿಲ್ಲ, ಕ್ವಾರ್ಟರ್ಸ್ ಸೋರುತ್ತದೆ ಅನ್ನುವುದಿದ್ದರೆ 'ಕೌಟುಂಬಿಕ ಕಾರಣ' ಅನ್ನಬೇಡಿ, ಇದ್ದದ್ದನ್ನೇ ಬರೆಯಿರಿ. ಟಪಾಲಿನಲ್ಲಿ ಕೊಟ್ಟು ಸ್ವೀಕೃತಿ ಮೊಹರು ಹಾಕಿಸಿಕೊಂಡು, ಒಂದು ಪ್ರತಿ ಮನೆಯಲ್ಲಿ ಇಟ್ಟುಕೊಳ್ಳಿ.