ಕಾತ್ ಬೇರೆ, ಕಾಚು ಬೇರೆ

ಹೋದ ವಾರ ದೊಡ್ಡಮ್ಮ ಫೋನ್ ಮಾಡಿದ್ದರು. ದನಿಯಲ್ಲಿ ಗಾಬರಿ. "ಏನೋ, ನಾನು ಎಲೆಗೆ ಹಾಕ್ಕೊಳ್ಳೋ ಕಾಚನ್ನ ಪೊಲೀಸರು ಹಿಡೀತಾರಂತೆ? ಮೊಮ್ಮಗ ಓದಿ ಹೇಳಿದ." ಆ ಸುದ್ದಿಯನ್ನು ತರಿಸಿಕೊಂಡು ನೋಡಿದೆ. ಪಾರ್ಸೆಲ್‌ನಲ್ಲಿ 'ಖಾತ್' ಎಲೆ ಸಿಕ್ಕಿತ್ತು. ಕೆಳಗೆ ಯಾರೋ ವಿವರಣೆ ಸೇರಿಸಿದ್ದರು: 'ಖಾತ್ ಎಂದರೆ ತಾಂಬೂಲಕ್ಕೆ ಬಳಸುವ ಕಾಚು.' ಇದೇ ತಪ್ಪನ್ನು ಎಷ್ಟು ಸಲ ಓದಿದ್ದೇನೋ. ಈ ಸಲ ಸುಮ್ನೆ ಇರೋಕೆ ಆಗಲಿಲ್ಲ.

ಕಾಚು ಎಲೆಯಲ್ಲ. ಕಗ್ಗಲಿ ಮರದ ಒಳಗಿನ ಕೆಂಪು ತಿರುಳನ್ನು ಚಕ್ಕೆ ಮಾಡಿ, ನೀರಲ್ಲಿ ಕುದಿಸಿ, ಬತ್ತಿಸಿ, ಒಣಗಿಸಿದರೆ ಬರುವ ಗಟ್ಟಿ. ಹಿಂದಿಯವರ 'ಕತ್ಥಾ' ಬಂದಿರುವುದು ಸಂಸ್ಕೃತದ 'ಕ್ವಾಥ'ದಿಂದ, ಅಂದರೆ ಕಷಾಯದಿಂದ. ಕುದಿಸಿದ್ದು ಅನ್ನುವುದು ಹೆಸರಲ್ಲೇ ಇದೆ. ಸುದ್ದಿಯಲ್ಲಿದ್ದ ಖಾತ್ ಅಂದರೆ ಯೆಮನ್, ಇಥಿಯೋಪಿಯಾ, ಸೊಮಾಲಿಯಾ, ಕೀನ್ಯಾಗಳಲ್ಲಿ ಅಮಲಿಗಾಗಿ ಜಗಿಯುವ ಎಲೆ. ಅದನ್ನು ಯಾರೂ ಕುದಿಸಿ ಗಟ್ಟಿ ಮಾಡುವುದಿಲ್ಲ. ಅದನ್ನು ಹಸಿಹಸಿಯಾಗಿಯೇ ಬಾಯಿಗೆ ಹಾಕಿಕೊಳ್ಳುತ್ತಾರೆ. ಅದು ನಮ್ಮ ಜ್ಯೋತಿಷ್ಮತಿ ಬಳ್ಳಿಯ ಕುಟುಂಬದ ಗಿಡ. ಕಗ್ಗಲಿಗೂ ಅದಕ್ಕೂ ನಂಟಿಲ್ಲ, ವೀಳ್ಯದೆಲೆಗೂ ಇಲ್ಲ.

ಗೊಂದಲಕ್ಕೆ ಲ್ಯಾಟಿನ್ ಹೆಸರುಗಳೂ ಸ್ವಲ್ಪ ಕಾರಣ. ಕಗ್ಗಲಿಯ ಹಳೆಯ ಹೆಸರು 'ಅಕೇಶಿಯಾ ಕಟೆಚು', ಈ ಗಿಡದ್ದು 'ಕಾಥಾ ಎಡುಲಿಸ್'. ಕೇಳೋಕೆ ಅಕ್ಕತಂಗಿಯರ ಹಾಗಿವೆ. ಎರಡನೆಯದನ್ನು ದಾಖಲಿಸಿದವನು ಪೀಟರ್ ಫೋರ್ಸ್ಕೋಲ್ ಅನ್ನುವ ಸಸ್ಯವಿಜ್ಞಾನಿ. ಡೆನ್ಮಾರ್ಕ್ ಕಳಿಸಿದ ತಂಡದ ಜೊತೆ ಅರಬ್ ನಾಡಿಗೆ ಹೋಗಿ, 1763ರಲ್ಲಿ ಯೆಮನ್‌ನಲ್ಲೇ ತೀರಿಕೊಂಡ. ಅವನ ಟಿಪ್ಪಣಿಗಳು ಪುಸ್ತಕವಾಗಿದ್ದು 1775ರಲ್ಲಿ. ಅಲ್ಲಿಯ ಜನ ಕರೆಯುತ್ತಿದ್ದ ಹೆಸರನ್ನೇ ಅವನು ಲ್ಯಾಟಿನ್‌ಗೆ ತಿರುಗಿಸಿದ್ದ.

ಜನ ಕರೆಯುತ್ತಿದ್ದ ಆ ಹೆಸರು ಖಾತ್ ಅಲ್ಲ, ಖಟ್ ಅಂತೂ ಮೊದಲೇ ಅಲ್ಲ. ಅರಬ್ಬಿಯಲ್ಲಿ ಅದು ಗಂಟಲಿನ ಆಳದಿಂದ ಬರುವ 'ಕ'ಕಾರ. ಇಂಗ್ಲಿಷಿನವರು ಅದನ್ನು ಹೇಗೋ 'khat' ಅಂತ ಬರೆದುಕೊಂಡರು, ನಾವು ಆ ಸ್ಪೆಲಿಂಗ್ ನೋಡಿ 'ಖ' ಹಾಕಿದೆವು. ಅದೇ ಅಕ್ಷರ ಇರುವ ಅರಬ್ಬಿ ಮಾತುಗಳು ನಮ್ಮಲ್ಲಿ ಯಾವಾಗಿನಿಂದಲೋ ಇವೆ: ಕಾನೂನು, ಕೈದಿ, ಕಿಲ್ಲೇದಾರ. ಖಾನೂನು ಅಂತ ಯಾರಾದರೂ ಬರೆಯುತ್ತಾರಾ? ಹಾಗಾದರೆ ಇದೂ ಕಾತ್ ಆಗಬೇಕು, ಅಲ್ವಾ? ಇಥಿಯೋಪಿಯಾದಲ್ಲಿ 'ಚಾತ್', ಕೀನ್ಯಾದಲ್ಲಿ 'ಮಿರಾ' ಅನ್ನುತ್ತಾರೆ. ಅದು ಆಯಾ ನಾಡಿನ ಹೆಸರು, ಇರಲಿ.

ನಿಜವಾದ 'ಖ' ಬೇಕಿದ್ದರೆ ಇನ್ನೊಂದು ಮಾತಿದೆ. ಯೆಮನ್‌ನವರು ಕಾತ್ 'ಜಗಿಯುತ್ತೇವೆ' ಅನ್ನುವುದಕ್ಕಿಂತ 'ತಖ್ಜೀನ್' ಮಾಡುತ್ತೇವೆ ಅನ್ನುವುದೇ ಜಾಸ್ತಿ. ತಖ್ಜೀನ್ ಅಂದರೆ ಕೂಡಿಡುವುದು. ನಮ್ಮ ಖಜಾನೆ, ಖಜಾಂಚಿ ಹುಟ್ಟಿದ್ದೂ ಇದೇ ಬೇರಿನಿಂದ. ಈ ಒಂದು ಮಾತು ಹಿಡಿದರೆ ಸಾಕು, ಕಾತ್‌ನ ವ್ಯವಹಾರ ಅರ್ಧ ಅರ್ಥವಾಗುತ್ತದೆ. ಕಟ್ಟಿನಿಂದ ಎಳೆಯ ಚಿಗುರನ್ನು ಒಂದೊಂದಾಗಿ ಕಿತ್ತು ಬಾಯಿಗೆ ಹಾಕುತ್ತಾರೆ. ಮೆಲ್ಲಗೆ ಅಗಿದು ರಸ ನುಂಗುತ್ತಾರೆ. ಚರಟವನ್ನು ಉಗುಳುವುದಿಲ್ಲ, ಒಂದೇ ದವಡೆಗೆ ಒತ್ತರಿಸುತ್ತಾರೆ. ಹೊತ್ತು ಇಳಿಯುವಷ್ಟರಲ್ಲಿ ಆ ಕೆನ್ನೆ ನಿಂಬೆಹಣ್ಣು ಇಟ್ಟುಕೊಂಡ ಹಾಗೆ ಉಬ್ಬಿರುತ್ತದೆ. ನಾಲ್ಕೈದು ಗಂಟೆ ಅದು ಅಲ್ಲೇ ಇರುತ್ತದೆ.

ತೊಂದರೆಯೂ ಈ ಕೂಡಿಡುವುದರಲ್ಲೇ ಇದೆ. ಎಲೆಯಲ್ಲಿರುವ ಕ್ಯಾಥಿನೋನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಸೇರುತ್ತದೆ. ಅದು ಆಂಫೆಟಮಿನ್ ಅನ್ನುವ, ಮೈಮನಸ್ಸನ್ನು ಕೆರಳಿಸುವ ಮಾದಕದ ಜಾತಿಯದು. ಮೊದಲು ಮಾತು ಹೆಚ್ಚುತ್ತದೆ, ಹಸಿವು ಅಡಗುತ್ತದೆ, ಎದೆಬಡಿತ ಮತ್ತು ರಕ್ತದೊತ್ತಡ ಏರುತ್ತವೆ. ಆಮೇಲೆ ನಿದ್ದೆ ಬರುವುದಿಲ್ಲ, ಮಲಬದ್ಧತೆ ಶುರುವಾಗುತ್ತದೆ, ಮಾರನೆ ದಿನ ಮನಸ್ಸು ಮಂಕು. ವರ್ಷಗಟ್ಟಲೆ ಮಾಡಿದವರಲ್ಲಿ ಬಾಯಿಯ ಒಳಚರ್ಮ ಹಾಳಾಗುತ್ತದೆ. ಹೃದಯಾಘಾತದ ಅಪಾಯ ಹೆಚ್ಚುವುದನ್ನು ಯೆಮನ್‌ನ ವೈದ್ಯರೇ ಗುರುತಿಸಿದ್ದಾರೆ. ಮಿತಿಮೀರಿದರೆ ಕೆಲವರಿಗೆ ಇಲ್ಲದ್ದು ಕಾಣಿಸುತ್ತದೆ, ಕೇಳಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲೇ ಇದನ್ನು ದುರ್ಬಳಕೆಯ ಮಾದಕಗಳ ಸಾಲಿಗೆ ಸೇರಿಸಿತು. ಹೆರಾಯಿನ್‌ನಂಥ ಹಿಡಿತ ಇದಕ್ಕಿಲ್ಲ. 'ಆಫ್ರಿಕಾದ ಗಾಂಜಾ' ಅಂತ ಬರೆಯುವವರಿಗೂ ಹೇಳಬೇಕು: ಗಾಂಜಾ ಮಂಪರು ತರುವಂಥದ್ದು, ಕಾತ್ ಎಚ್ಚರ ಕೆರಳಿಸುವಂಥದ್ದು. ನಮ್ಮ ದೇಶದ ಮಾದಕವಸ್ತು ಕಾಯ್ದೆಯ ಪಟ್ಟಿಯಲ್ಲಿ ಕ್ಯಾಥಿನೋನ್ ಇದೆ. ಕಾಚು ಇಲ್ಲ. ದೊಡ್ಡಮ್ಮನಿಗೆ ಮೊದಲು ಹೇಳಿದ್ದು ಅದನ್ನೇ. ಅಡಿಕೆ ಕಡಿಮೆ ಮಾಡಿ ಅಂತಲೂ ಹೇಳಿದೆ, ಅದರ ಹಾನಿಯ ಲೆಕ್ಕವೇ ಬೇರೆ.

ಎಲೆ ಬಾಡಿದಷ್ಟೂ ಕ್ಯಾಥಿನೋನ್ ಇಳಿಯುತ್ತದೆ, ಎರಡು ದಿನದಲ್ಲಿ ಬಲ ಹೋಗುತ್ತದೆ. ಅದಕ್ಕೇ ಕೀನ್ಯಾದ ಮೆರು ಸೀಮೆಯಲ್ಲಿ ಕಟ್ಟುಗಳನ್ನು ಬಾಳೆಎಲೆಯಲ್ಲಿ ಸುತ್ತಿ, ವಿಮಾನದಲ್ಲಿ ಸೊಮಾಲಿಯಾಕ್ಕೆ ಓಡಿಸುತ್ತಾರೆ.

ಯೆಮನ್‌ನಲ್ಲಿ ಕಾತ್ ಬರೀ ಚಟ ಅಂದುಬಿಟ್ಟರೂ ತಪ್ಪಾಗುತ್ತದೆ. ಸನಾ ನಗರದ ಎತ್ತರದ ಮನೆಗಳಲ್ಲಿ ಮೇಲ್ಮಹಡಿಯ ಕೋಣೆಗೆ 'ಮಫ್ರಜ್' ಅನ್ನುತ್ತಾರೆ. ಮಧ್ಯಾಹ್ನದ ಊಟ ಆದಮೇಲೆ ಜನ ಅಲ್ಲಿ ಗೋಡೆಗೊರಗಿ ಕೂರುತ್ತಾರೆ. ಮದುವೆ ಮಾತುಕತೆ, ಜಮೀನಿನ ಜಗಳ, ಕವಿತೆ, ರಾಜಕೀಯ ಎಲ್ಲ ಅಲ್ಲೇ. ಹೆಂಗಸರ ಕೂಟವೇ ಬೇರೆ, ಅದಕ್ಕೆ 'ತಫ್ರಿತಾ' ಅನ್ನುತ್ತಾರೆ. ಆದರೆ ದಿನದ ಅರ್ಧ ಹೊತ್ತು ಕೂತಲ್ಲೇ ಕಳೆಯುತ್ತದೆ. ಕೂಲಿ ಮಾಡುವವನ ದುಡ್ಡು ಮನೆಗೆ ಅಕ್ಕಿ, ಹಿಟ್ಟು ಬರುವ ಮೊದಲೇ ಎಲೆಗೆ ಹೋಗುತ್ತದೆ. ನನಗೆ ಜಾಸ್ತಿ ಸಂಕಟ ಆಗುವುದು ಇಲ್ಲಿ. ದಕ್ಷಿಣ ಯೆಮನ್ ಪ್ರತ್ಯೇಕ ದೇಶವಾಗಿದ್ದಾಗ, 1970ರ ದಶಕದಲ್ಲಿ, ರಜಾದಿನ ಮಾತ್ರ ಜಗಿಯಬೇಕು ಅಂತ ಕಾನೂನು ಮಾಡಿತ್ತು. 1990ರಲ್ಲಿ ಎರಡು ಯೆಮನ್‌ಗಳು ಒಂದಾದ ಮೇಲೆ ಆ ಕಟ್ಟುಪಾಡು ಉಳಿಯಲಿಲ್ಲ.

ಇನ್ನು ನೀರು. ಮಳೆ ಕಡಿಮೆ ಇರುವ ಆ ನಾಡಿನಲ್ಲಿ ಕೊಳವೆಬಾವಿ ಕೊರೆದು ಕಾತ್‌ಗೆ ಹಾಯಿಸುತ್ತಾರೆ. ಸನಾದ ಸುತ್ತ ಅಂತರ್ಜಲ ವರ್ಷವರ್ಷವೂ ಕೆಳಗಿಳಿಯುತ್ತಿದೆ. ಮೊದಲು ಕಾಫಿ ಬೆಳೆಯುತ್ತಿದ್ದ ಎಷ್ಟೋ ಮೆಟ್ಟಿಲು ಗದ್ದೆಗಳಲ್ಲಿ ಈಗ ಕಾತ್ ನಿಂತಿದೆ. ಬಾಬಾಬುಡನ್ ಬೀಜ ತಂದರು ಅಂತ ನಾವು ಹೇಳಿಕೊಳ್ಳುವ ಮೋಕಾ ಬಂದರು ಇರುವುದು ಅದೇ ದೇಶದಲ್ಲಿ. ಹರಾಝ್ ಬೆಟ್ಟಗಳಲ್ಲಿ ದಾವೂದಿ ಬೊಹ್ರಾ ಅನ್ನುವ ಮುಸ್ಲಿಂ ಸಮುದಾಯದವರು ಮುಂದೆ ನಿಂತು ಕಾತ್ ಗಿಡ ಕೀಳಿಸಿ, ಅದೇ ಪಾತಿಗಳಲ್ಲಿ ಮತ್ತೆ ಕಾಫಿ ನೆಡಿಸಿದ್ದಾರೆ.