ಗುರಿ ಕಂಡೊಡನೆ ಜಾರುವ ಬೆರಳು

ಸಕಲೇಶಪುರದ ಹತ್ತಿರ ನಮ್ಮ ನೆಂಟರ ಕಾಫಿ ತೋಟವಿದೆ. ಕೊಯ್ಲು ಮುಗಿದು, ಒಣಗಿದ ಕಾಫಿಯೆಲ್ಲ ಮೂಟೆಯಾಗಿ ಹೋದ ಮೇಲೆ ಅಲ್ಲಿನ ಕಣ ಖಾಲಿ. ಏಪ್ರಿಲ್‌ನಿಂದ ಮಳೆ ಹಿಡಿಯುವವರೆಗೆ ನನ್ನ ಬಿಲ್ಲುಗಾರಿಕೆಯೆಲ್ಲ ಅಲ್ಲೇ. ಒಂದು ಮೂಲೆಯಲ್ಲಿ ಹುಲ್ಲಿನ ಪಿಂಡಿ ಒಟ್ಟಿ, ಅದಕ್ಕೆ ಬಣ್ಣದ ಗುರಿಹಾಳೆ ಚುಚ್ಚಿದರೆ 18 ಮೀಟರ್ ದೂರ ಸರಿಯಾಗಿ ಸಿಗುತ್ತದೆ.

ಅಲ್ಲೇ ಒಂದು ಬೆಳಿಗ್ಗೆ ಕೈ ನನ್ನ ಮಾತು ಕೇಳುವುದನ್ನು ಬಿಟ್ಟಿತು. ಹೆದೆ ಎಳೆದೆ. ಗುರಿ ಹಿಡಿಯಲು ಬಿಲ್ಲಿಗೆ ಹಾಕಿರುವ ಸೈಟ್ ಪಿನ್ ನಿಧಾನಕ್ಕೆ ಮೇಲೇರಿತು. ನೀಲಿ ದಾಟಿತು, ಕೆಂಪಿಗೆ ಬಂತು. ನಡುವಿನ ಹಳದಿ ಇನ್ನೂ ಮುಟ್ಟಿಲ್ಲ, ಅಷ್ಟರಲ್ಲಿ ಬೆರಳು ಬಿಚ್ಚಿಕೊಂಡು ಬಾಣ ಹೊರಟೇಹೋಯಿತು. ಬಿಡಬೇಕು ಅಂತ ನಾನು ಅಂದುಕೊಂಡಿರಲೇ ಇಲ್ಲ. ಮುಂದಿನ ಬಾಣಕ್ಕೆ ಹಟ ಹಿಡಿದು ಬೆರಳು ಬಿಗಿ ಮಾಡಿದೆ. ಈಗ ಪಿನ್ ಕೆಂಪಿನಲ್ಲೇ ಸಿಕ್ಕಿಹಾಕಿಕೊಂಡಿತು. ತೋಳಿನಲ್ಲಿ ಶಕ್ತಿ ಇದೆ, ಕಣ್ಣು ಚೆನ್ನಾಗಿದೆ. ಆದರೂ ಆ ನಾಲ್ಕು ಬೆರಳಿನ ದೂರ ದಾಟಲು ಆಗುತ್ತಿಲ್ಲ.

ಬಿಲ್ಲುಗಾರರು ಇದಕ್ಕೆ ಟಾರ್ಗೆಟ್ ಪ್ಯಾನಿಕ್ ಅನ್ನುತ್ತಾರೆ. ನಡುವಿನ ಹಳದಿಗೆ ಗೋಲ್ಡ್ ಎಂಬ ಹೆಸರಿರುವುದರಿಂದ ಗೋಲ್ಡ್ ಪ್ಯಾನಿಕ್ ಅಂತಲೂ ಕರೆಯುವುದುಂಟು. ಆಗ ನನಗೆ ಕಲಿಸುತ್ತಿದ್ದವರು "ನಿಮಗೆ ಧೈರ್ಯ ಸಾಲದು, ಮನಸ್ಸು ಗಟ್ಟಿ ಮಾಡ್ಕೊಳ್ಳಿ" ಅಂದರು. ಆ ಮಾತು ನಂಬಿ ಒಂದು ವರ್ಷ ಕಳೆದುಕೊಂಡೆ. ಮಕ್ಕಳಿಗೂ ಇದನ್ನೇ ಹೇಳುವುದನ್ನು ಕೇಳಿದ್ದೇನೆ. ಚೆನ್ನಾಗಿ ಹೊಡೆಯುತ್ತಿದ್ದ ಹುಡುಗಿಯೊಬ್ಬಳು ನಾಚಿಕೆಯಿಂದ ಬಿಲ್ಲು ಕೆಳಗಿಟ್ಟು ಮನೆಗೆ ಹೋದದ್ದನ್ನೂ ನೋಡಿದ್ದೇನೆ. ಅವಳು ಮತ್ತೆ ಬರಲಿಲ್ಲ. ಅವಳಿಗೆ ಧೈರ್ಯ ಕಮ್ಮಿ ಇರಲಿಲ್ಲ. ಕಲಿತದ್ದು ಮೈಗೆ ಅತಿಯಾಗಿ ಹತ್ತಿತ್ತು, ಅಷ್ಟೇ.

ಅದು ಹೇಗೆ ಅಂತ ತಿಳಿಯಲು ಕೊಟ್ಟಿಗೆಗೆ ಹೋಗೋಣ. ಹಾಲು ಕರೆಯುವ ಹೊತ್ತಿಗೆ ಬಕೆಟ್ಟಿನ ಸದ್ದು ಕೇಳಿದರೆ ಸಾಕು, ಎಷ್ಟೋ ಹಸುಗಳು ಸೊರೆ ಬಿಡುತ್ತವೆ. ಕರು ಬಾಯಿ ಹಾಕಿಲ್ಲ, ಯಾರ ಕೈಯೂ ಮುಟ್ಟಿಲ್ಲ. ಆದರೂ ಮೆದುಳಿನ ಬುಡದಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರಿ, ಕೆಚ್ಚಲಿನ ಹಾಲು ಮೊಲೆಯತ್ತ ಇಳಿಯುತ್ತದೆ. ದಿನಾ ಬಕೆಟ್ಟಿನ ಸದ್ದಿನ ಹಿಂದೆಯೇ ಹಾಲು ಕರೆಯುವುದು ನಡೆದಿದೆ. ಮೆದುಳು ಎರಡಕ್ಕೂ ಗಂಟು ಹಾಕಿಬಿಟ್ಟಿದೆ. ರಷ್ಯಾದ ಇವಾನ್ ಪಾವ್ಲೊವ್ ನಾಯಿಗಳ ಜೊಲ್ಲಿನಲ್ಲಿ ಕಂಡದ್ದೂ ಇದೇ ಗಂಟನ್ನು. ಅವರಿಗೆ 1904ರಲ್ಲಿ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಕೆಲಸಕ್ಕೆ. ಆದರೆ ಜನ ನೆನಪಿಟ್ಟುಕೊಂಡಿದ್ದು ಈ ಗಂಟನ್ನೇ.

ಬಿಲ್ಲುಗಾರರಿಗೆ ಹಳದಿ ಬಣ್ಣವೇ ಬಕೆಟ್ಟಿನ ಸದ್ದು. ಪಿನ್ ಹಳದಿಗೆ ಬರುತ್ತದೆ, ಬಾಣ ಬಿಡುತ್ತೇವೆ, ನಡುವಿಗೆ ಬಿದ್ದರೆ ಖುಷಿಯಾಗುತ್ತದೆ. ಸಾವಿರಾರು ಸಲ ಹೀಗಾದ ಮೇಲೆ ಹಳದಿ ಕಂಡರೆ ಸಾಕು, ಬೆರಳಿಗೆ ಅಪ್ಪಣೆ ಹೋಗುತ್ತದೆ. ಇನ್ನೊಂದು ತೊಡಕೂ ಇದೆ. ಕಣ್ಣಿಗೆ ಕಂಡದ್ದಕ್ಕೆ ಕೈ ಅಲುಗಲು ಸುಮಾರು 0.2 ಸೆಕೆಂಡ್ ಬೇಕು. ಪಿನ್ ಅಷ್ಟು ಹೊತ್ತು ಒಂದೇ ಕಡೆ ನಿಲ್ಲುವುದಿಲ್ಲ, ತೇಲಾಡುತ್ತಿರುತ್ತದೆ. ಹಳದಿ ಬಂದ ಮೇಲೆ ಹೇಳಿದರೆ ತಡವಾಗುತ್ತದೆ ಅಂತ ಮೆದುಳು ಬರುವ ಮೊದಲೇ ಹೇಳಿಬಿಡುತ್ತದೆ. ಮೊದಲು ಹಳದಿಯ ಅಂಚಿನಲ್ಲಿ, ಆಮೇಲೆ ಕೆಂಪಿನಲ್ಲಿ, ಕೊನೆಗೆ ನೀಲಿಯಲ್ಲೇ. ಇದನ್ನು ತಡೆಯಲು ನಾವು ಬಲವಂತವಾಗಿ ಬ್ರೇಕ್ ಹಾಕುತ್ತೇವೆ. ಆಗ ಎರಡು ಅಪ್ಪಣೆಗಳು ಒಂದೇ ಕೈಯಲ್ಲಿ ಜಗಳಕ್ಕೆ ಬೀಳುತ್ತವೆ. ಪಿನ್ ಕೆಂಪಿನಲ್ಲಿ ಸಿಕ್ಕಿಹಾಕಿಕೊಳ್ಳುವುದು ಆಗಲೇ.

ಇಂಥದ್ದು ಬೇರೆ ಆಟಗಳಲ್ಲೂ ಇದೆ. ಗಾಲ್ಫ್‌ನಲ್ಲಿ ಇದರ ಹೆಸರು ಯಿಪ್ಸ್, ಡಾರ್ಟ್ಸ್‌ನಲ್ಲಿ ಡಾರ್ಟೈಟಿಸ್. ಐದು ಸಲ ವಿಶ್ವ ಚಾಂಪಿಯನ್ ಆದ ಎರಿಕ್ ಬ್ರಿಸ್ಟೋ ಅವರಿಗೇ 1980ರ ದಶಕದಲ್ಲಿ ಕೈಯಿಂದ ಡಾರ್ಟ್ ಬಿಡಲು ಆಗದೆ ಹೋಯಿತು. ಕೆಲವರಲ್ಲಿ ಇದು ಆತಂಕದಿಂದ ಬರುತ್ತದೆ. ಇನ್ನು ಕೆಲವರಲ್ಲಿ ನರಗಳ ತೊಂದರೆಯೇ ಇರುತ್ತದೆ. ಪೆನ್ನು ಹಿಡಿದರೆ ಸೆಟೆದುಕೊಳ್ಳುವ ಕೈ ಕಾಫಿ ಲೋಟ ಹಿಡಿದಾಗ ಸುಮ್ನೆ ಇರುತ್ತದಲ್ವಾ, ಆ ಬಗೆಯದ್ದು. ಬಿಲ್ಲು ಬಿಟ್ಟು ಬೇರೆ ಕೆಲಸದಲ್ಲೂ ಕೈ ಸೆಟೆಯುತ್ತಿದ್ದರೆ ನರರೋಗ ತಜ್ಞರಿಗೆ ತೋರಿಸುವುದೇ ಸರಿ.

ಉಳಿದವರು ಮಾಡಬೇಕಾದ್ದು ಗಂಟು ಬಿಚ್ಚುವ ಕೆಲಸ. ಮೊದಲು ಗುರಿಹಾಳೆಯನ್ನೇ ಕಿತ್ತು ಹಾಕಬೇಕು. ನಾನು ಬರೀ ಹುಲ್ಲಿನ ಮುಂದೆ ಮೂರು ಹೆಜ್ಜೆ ದೂರದಲ್ಲಿ ನಿಂತೆ. ಬಾಣದ ತುದಿ ಹುಲ್ಲಿನ ನಡುವಿಗೆ ನೆಟ್ಟಗಿದೆಯೇ, ಹಿಂದೆ ಮುಂದೆ ಯಾರೂ ಇಲ್ಲವೇ ಅಂತ ನೋಡಿಕೊಂಡು ಕಣ್ಣು ಮುಚ್ಚಿದೆ. ಎಳೆತ ಬೆನ್ನಿನ ಮೂಳೆಗಳ ನಡುವೆ ಕೂರುವುದು, ಕೈ ಗದ್ದಕ್ಕೆ ಒತ್ತುವುದು, ಬೆರಳು ತಾನಾಗಿ ಸಡಿಲವಾಗುವುದು, ಇವೆಲ್ಲ ಎಷ್ಟೋ ದಿನಗಳ ಮೇಲೆ ಮತ್ತೆ ಗೊತ್ತಾಯಿತು. ಮೂರು ವಾರ ಇಷ್ಟೇ ಮಾಡಿದೆ. ಬೇಜಾರಿನ ಕೆಲಸ, ನಿಜ. ಆದರೆ ಇದನ್ನು ಎರಡೇ ದಿನಕ್ಕೆ ಬಿಟ್ಟು ಗುರಿಗೆ ಮರಳಿದವರಿಗೆ ತೊಂದರೆಯೂ ಮರಳುತ್ತದೆ.

ಆಮೇಲಿನದ್ದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪಾಠ. ಗುರಿಹಾಳೆ ಮತ್ತೆ ಚುಚ್ಚಬೇಕು, ಹೆದೆ ಎಳೆದು ಪಿನ್ ಹಳದಿಗೆ ತರಬೇಕು, ಆದರೆ ಬಾಣ ಬಿಡಬಾರದು. ಐದು ಎಣಿಸಿ ಹೆದೆಯನ್ನು ನಿಧಾನಕ್ಕೆ ಇಳಿಸಬೇಕು. ಬಾಣವಿಲ್ಲದೆ ಹೆದೆ ಎಳೆದು ಬಿಟ್ಟರೆ ಬಿಲ್ಲೇ ಮುರಿಯಬಹುದು, ಹಾಗಾಗಿ ಇಳಿಸುವಾಗಲೂ ಬಾಣ ಇರಲಿ, ಮುಖ ಹುಲ್ಲಿನ ಕಡೆಗೇ ಇರಲಿ. ಬಕೆಟ್ ಸದ್ದಾಗುತ್ತದೆ, ಹಾಲು ಕರೆಯುವುದು ನಡೆಯುವುದಿಲ್ಲ. ಹಳದಿ ಕಂಡರೆ ಏನೂ ಆಗಬೇಕಿಲ್ಲ ಅಂತ ಮೆದುಳು ಕಲಿಯುವುದು ಇಲ್ಲೇ. ಮೊದಲ ದಿನ ನನಗೆ ಎರಡು ಎಣಿಸುವಷ್ಟರಲ್ಲಿ ತೋಳು ನಡುಗಿತು, ಬೆವರು ಬಂತು.

ಆ ವಾರ ಹಳೇಬೀಡಿಗೆ ಹೋಗಿದ್ದೆ. ಹೊಯ್ಸಳೇಶ್ವರ ಗುಡಿಯ ಗೋಡೆಯ ಮೇಲೆ ಮಹಾಭಾರತದ ಯುದ್ಧ ಕೆತ್ತಿದ್ದಾರಲ್ಲ, ಅಲ್ಲಿ ಎಷ್ಟೊಂದು ಬಿಲ್ಲುಗಾರರು! ಸುಮಾರು 900 ವರ್ಷದಿಂದ ಬಿಲ್ಲು ಎತ್ತಿ ಹಿಡಿದೇ ನಿಂತಿದ್ದಾರೆ. ಮೊದಲೆಲ್ಲ ನಾನು ಅವರ ಬಾಣಗಳನ್ನು ನೋಡುತ್ತಿದ್ದೆ. ಆ ದಿನ ಅವರ ಭುಜಗಳನ್ನೇ ನೋಡುತ್ತ ತುಂಬಾ ಹೊತ್ತು ನಿಂತೆ.

ಗುರಿ ನೋಡುವುದು ಬೇರೆ, ಬಾಣ ಬಿಡುವುದು ಬೇರೆ ಅಂತಾದ ಮೇಲೆ ಬಿಡಲು ಹೊಸ ಸೂಚನೆ ಬೇಕು. ತುದಿಗಳು ಮುಂದಕ್ಕೆ ಬಾಗಿರುವ ರಿಕರ್ವ್ ಬಿಲ್ಲಿನಲ್ಲಿ ಆ ಕೆಲಸ ಕ್ಲಿಕ್ಕರ್ ಎಂಬ ತೆಳು ಪಟ್ಟಿಯದು. ಬಾಣವನ್ನು ಇಷ್ಟೇ ಉದ್ದ ಎಳೆದಾಗ ಅದು ಟಕ್ ಅನ್ನುತ್ತದೆ. ಆ ಸದ್ದಿಗೆ ಬಿಡುವುದು, ಹಳದಿಗಲ್ಲ. ಒಲಿಂಪಿಕ್ಸ್‌ನಲ್ಲಿ 70 ಮೀಟರ್ ದೂರದ ಹಾಳೆಯಲ್ಲಿ ಹತ್ತು ಅಂಕದ ವೃತ್ತ ಬರೀ 12.2 ಸೆಂಟಿಮೀಟರ್ ಅಗಲ. ಒಬ್ಬೊಬ್ಬರೇ ಎದುರಾಗುವ ಪಂದ್ಯಗಳಲ್ಲಿ ಒಂದು ಬಾಣಕ್ಕೆ ಸಿಗುವುದು 20 ಸೆಕೆಂಡ್. ಅಂಥಲ್ಲೂ ಅವರು ಆ ಟಕ್‌ಗೆ ಕಾಯುತ್ತಾರೆ. ಆದರೆ ಕ್ಲಿಕ್ಕರ್ ಮಂತ್ರವಲ್ಲ. ಕೆಲವರಿಗೆ ಅದರ ಸದ್ದಿನ ಮೇಲೆಯೇ ಹೊಸ ಗಂಟು ಬೀಳುತ್ತದೆ. ಅದಕ್ಕೇ ಎಳೆಯುವಾಗ ಮನಸ್ಸಿಗೆ ಒಂದು ಕೆಲಸ ಕೊಡಬೇಕು. ನಾನು ಒಳಗೊಳಗೇ "ಎಳಿ, ಎಳಿ, ಎಳಿ" ಅನ್ನುತ್ತೇನೆ. "ಬಿಡಬೇಡ" ಅಂದುಕೊಂಡರೆ ಬಿಡುವುದೇ ನೆನಪಾಗುತ್ತದೆ.

ಪಾವ್ಲೊವ್ ಇನ್ನೊಂದನ್ನೂ ಕಂಡಿದ್ದರು. ಗಂಟು ಬಿಚ್ಚಿತು ಅನ್ನಿಸಿದ ನಾಯಿಗೆ ಸ್ವಲ್ಪ ಕಾಲ ಬಿಡುವು ಕೊಟ್ಟು ಮತ್ತೆ ಅದೇ ಸದ್ದು ಕೇಳಿಸಿದರೆ ಜೊಲ್ಲು ಮತ್ತೆ ಬರುತ್ತಿತ್ತು. ಹಳೆಯ ಕಲಿಕೆ ಅಳಿಸಿಹೋಗಿರುವುದಿಲ್ಲ. ಅದರ ಮೇಲೆ ಹೊಸದೊಂದು ಕೂತಿರುತ್ತದೆ, ಅಷ್ಟೇ. ನನಗೂ ಹಾಗೇ. ಜೂನ್‌ನಲ್ಲಿ ಮಳೆ, ಆಮೇಲೆ ಕೊಯ್ಲು, ಕಣದ ತುಂಬ ಕಾಫಿ. ತಿಂಗಳುಗಟ್ಟಲೆ ಬಿಲ್ಲು ಮುಟ್ಟದೆ ಏಪ್ರಿಲ್‌ನಲ್ಲಿ ಹೋದರೆ ಮೊದಲ ಬಾಣಕ್ಕೇ ಬೆರಳು ಜಾರುತ್ತದೆ.

ಈ ಏಪ್ರಿಲ್‌ನಲ್ಲೂ ಜಾರಿತು. ಹಾಳೆ ಕಿತ್ತು ಮಡಚಿಟ್ಟೆ. ಹುಲ್ಲಿನಿಂದ ಮೂರು ಹೆಜ್ಜೆ ಎಣಿಸಿ ನಿಂತು ಕಣ್ಣು ಮುಚ್ಚಿದೆ. ತೋಟದಲ್ಲಿ ಆಗಷ್ಟೇ ಹೂಮಳೆ ಬಿದ್ದು, ಕಾಫಿ ಹೂವಿನ ಪರಿಮಳ ಕಣದ ತುಂಬ ಹರಡಿತ್ತು.