ಪೇಪರ್ ಕಪ್ಪೋ, ಸ್ಟೀಲ್ ಲೋಟವೋ: ಲೆಕ್ಕ ಹಾಕುವುದು ಹೇಗೆ?

ಪರಿಸರಕ್ಕೆ ಪೇಪರ್ ಕಪ್ ಒಳ್ಳೆಯದೋ, ಸ್ಟೀಲ್ ಲೋಟವೋ ಎಂಬ ಪ್ರಶ್ನೆಗೆ ಉತ್ತರಿಸುವಾಗ ಹೆಚ್ಚಿನವರು "ಬಿಸಾಡುವ ಕಪ್ ಕೆಟ್ಟದ್ದು, ತೊಳೆದು ಬಳಸುವ ಲೋಟ ಒಳ್ಳೆಯದು" ಎಂದು ಬರೆದು ಮುಗಿಸುತ್ತಾರೆ. ಉತ್ತರ ತಪ್ಪಲ್ಲ, ಅರ್ಧ ಮಾತ್ರ. ಲೋಟ ಎಷ್ಟು ಸಲ ಬಳಕೆಯಾಗುತ್ತದೆ, ಹೇಗೆ ತೊಳೆಯುತ್ತಾರೆ ಎಂಬುದು ಗೊತ್ತಿಲ್ಲದೆ ತೀರ್ಪು ಕೊಡಲಾಗದು.

ಈ ಲೆಕ್ಕವನ್ನು ಅಚ್ಚುಕಟ್ಟಾಗಿ ಮಾಡಿದವರು ಕೆನಡಾದ ರಸಾಯನಶಾಸ್ತ್ರಜ್ಞ ಮಾರ್ಟಿನ್ ಹಾಕಿಂಗ್ (ಕಪ್ಪುರಂಧ್ರದ ಸ್ಟೀಫನ್ ಹಾಕಿಂಗ್ ಅಲ್ಲ!). 1994ರ ಅವರ ಅಂದಾಜಿನಂತೆ ಒಂದು ಪಿಂಗಾಣಿ ಕಪ್ ತಯಾರಿಸಲು 14 ಮೆಗಾಜೌಲ್ ಶಕ್ತಿ ಬೇಕು, ಗಾಜಿನ ಲೋಟಕ್ಕೆ 5.5, ಪೇಪರ್ ಕಪ್ಪಿಗೆ 0.55, ಥರ್ಮಕೋಲಿನಂಥ ಫೋಮ್ ಕಪ್ಪಿಗೆ ಸುಮಾರು 0.198. ಯಂತ್ರದಲ್ಲಿ ಒಂದು ಕಪ್ ತೊಳೆಯಲು ಸುಮಾರು 0.184. ಎಷ್ಟು ಸಲ ಬಳಸಿದರೆ ಲೋಟದ ಶಕ್ತಿ ಬಿಸಾಡುವ ಕಪ್ಪುಗಳ ಶಕ್ತಿಗೆ ಸಮನಾಗುತ್ತದೆ ಎಂಬುದರ ಸೂತ್ರ ಸುಲಭ:

ಸರಿದೂಗುವ ಬಳಕೆ = ಲೋಟ ತಯಾರಿಕೆಯ ಶಕ್ತಿ ÷ (ಬಿಸಾಡುವ ಕಪ್ಪಿನ ಶಕ್ತಿ − ಒಂದು ಸಲ ತೊಳೆಯುವ ಶಕ್ತಿ)

ಪೇಪರ್ ಕಪ್ಪಿಗೆ ಹೋಲಿಸಿದರೆ ಗಾಜು 15 ಸಲಕ್ಕೆ, ಪಿಂಗಾಣಿ 39 ಸಲಕ್ಕೆ ಸರಿದೂಗುತ್ತದೆ. ಫೋಮ್ ಕಪ್ಪಿಗೆ ಹೋಲಿಸಿದರೆ ಪಿಂಗಾಣಿ 1,000 ಸಲ ದಾಟಬೇಕು. ಅಂಶದಲ್ಲಿರುವುದು ಅದೇ 14. ಛೇದ ಮಾತ್ರ ಸೊನ್ನೆಯ ಹತ್ತಿರಕ್ಕೆ ಬಂದಿದೆ. ಇದನ್ನು ಮನದಟ್ಟು ಮಾಡಿಕೊಳ್ಳಿ: ಛೇದ ಋಣವಾದರೆ ಆ ಲೋಟ ಸಾವಿರ ವರ್ಷ ಬಾಳಿದರೂ ಶಕ್ತಿಯ ಲೆಕ್ಕದಲ್ಲಿ ಗೆಲ್ಲುವುದಿಲ್ಲ.

ಈಗ ನಮ್ಮ ಚಹಾ ಅಂಗಡಿಗೆ ಬನ್ನಿ. ಹಾಕಿಂಗ್ ತೂಗಿದ ಪೇಪರ್ ಕಪ್ 8.3 ಗ್ರಾಂ, ನಮ್ಮಲ್ಲಿ ಚಹಾ ಕೊಡುವ ಪುಟ್ಟ ಕಪ್ ಸುಮಾರು 2 ಗ್ರಾಂ. ಅದೇ ಅನುಪಾತದಲ್ಲಿ ಇಳಿಸಿದರೆ 0.13 ಮೆಗಾಜೌಲ್. ಸ್ಟೀಲ್ ಲೋಟ 60 ಗ್ರಾಂ, ಒಂದು ಕಿಲೋ ಸ್ಟೇನ್‌ಲೆಸ್ ಸ್ಟೀಲಿಗೆ 60 ಮೆಗಾಜೌಲ್ ಎಂದು ಹಿಡಿದರೆ ಲೋಟಕ್ಕೆ 3.6. ತಣ್ಣೀರಿನಲ್ಲಿ ತೊಳೆದರೆ 3.6 ÷ 0.13, ಅಂದರೆ 28 ಸಲ. ದಿನಕ್ಕೆ ಹತ್ತು ಗಿರಾಕಿಗಳ ಕೈಗೆ ಹೋಗುವ ಲೋಟಕ್ಕೆ ಮೂರು ದಿನದ ಮಾತು.

ಎಡವುವುದು ಬಿಸಿನೀರಿನಲ್ಲಿ. ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ 80 ಡಿಗ್ರಿಗೆ ಏರಿಸಲು 4.19 × 55, ಅಂದರೆ ಸುಮಾರು 230 ಕಿಲೋಜೌಲ್, 0.23 ಮೆಗಾಜೌಲ್. ಪ್ರತಿ ಲೋಟಕ್ಕೂ ಒಂದು ಲೀಟರ್ ಬಿಸಿನೀರು ಸುರಿದರೆ ಪೇಪರ್ ಕಪ್ಪಿನ 0.13 ಅನ್ನು ಮೀರಿಯೇ ಹೋಯಿತು. ಅದೇ ದರ್ಶಿನಿಗಳಲ್ಲಿ ಇಡುವಂಥ 10 ಲೀಟರಿನ ಬಿಸಿನೀರಿನ ಪಾತ್ರೆಯಲ್ಲಿ 200 ಲೋಟ ಅದ್ದಿ ತೆಗೆದರೆ? ಒಲೆಯ ನಷ್ಟ, ಬಿಸಿ ಆರದಂತೆ ಉರಿಸುವ ಗ್ಯಾಸ್ ಎಲ್ಲ ಸೇರಿ 6 ಮೆಗಾಜೌಲ್ ಎಂದುಕೊಂಡರೂ ಲೋಟಕ್ಕೆ ಬರುವುದು 0.03. ಸರಿದೂಗಲು 36 ಸಲ ಸಾಕು. ವಸ್ತು ಅದೇ, ನೀರಿನ ಬಳಕೆ ಬೇರೆ, ಅಷ್ಟೇ.

ನೀರಿನ ಲೆಕ್ಕವೂ ಇದೇ ರೀತಿ. ನಿಮಿಷಕ್ಕೆ 6 ಲೀಟರ್ ಬಿಡುವ ನಲ್ಲಿಯಡಿ 15 ಸೆಕೆಂಡ್ ಹಿಡಿದರೆ ಒಂದೂವರೆ ಲೀಟರ್ ಹೋಯಿತು. ಮೂರು ತೊಟ್ಟಿಯ ಕ್ರಮ ಮೇಲು: ಮೊದಲನೆಯದರಲ್ಲಿ ಸೋಪು ಹಾಕಿ ಉಜ್ಜುವುದು, ಎರಡನೆಯದರಲ್ಲಿ ಜಾಲಿಸುವುದು, ಮೂರನೆಯದರಲ್ಲಿ 77 ಡಿಗ್ರಿಗಿಂತ ಕಡಿಮೆಯಾಗದ ಬಿಸಿನೀರಿನಲ್ಲಿ 30 ಸೆಕೆಂಡ್ ಮುಳುಗಿಸುವುದು. ಕೆಡುವುದು ಸಾಮಾನ್ಯವಾಗಿ ಎರಡನೇ ತೊಟ್ಟಿ. ನೀರು ಹಾಲಿನಂತೆ ಬಿಳಿಚಿಕೊಂಡರೂ ಬದಲಿಸುವುದಿಲ್ಲ. ಆ ಸೋಪು, ಹಾಲಿನ ಜಿಡ್ಡು ಮೂರನೆಯದಕ್ಕೂ ದಾಟುತ್ತದೆ. ಕೊನೆಗೆ ಬಟ್ಟೆಯಿಂದ ಒರೆಸಿದರಂತೂ ತೊಳೆದದ್ದೆಲ್ಲ ದಂಡ. ಮಗುಚಿಟ್ಟು ಆರಲು ಬಿಡಬೇಕು. ಗಿರಾಕಿ "ಪೇಪರ್ ಕಪ್ಪಲ್ಲೇ ಕೊಡಿ" ಅನ್ನುವುದಕ್ಕೆ ಈ ಕೊಳಕೇ ಕಾರಣ, ಅದರಲ್ಲಿ ಅವರ ತಪ್ಪಿಲ್ಲ.

ಇಷ್ಟೆಲ್ಲ ಶಕ್ತಿಯ ಲೆಕ್ಕ. ಅದಕ್ಕೆ ಕಾಣದ್ದು ಕಪ್ಪಿನ ಒಳಪದರ. ಪೇಪರ್ ಕಪ್ಪಿನ ತೂಕದಲ್ಲಿ ಸುಮಾರು ಶೇಕಡಾ 5ರಿಂದ 10 ಭಾಗ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್. ಚಹಾ ಸೋರದಂತೆ ತಡೆಯುವುದೂ ಅದೇ, ಬದಿಯ ಹೊಲಿಗೆಯನ್ನು ಬಿಸಿಯಲ್ಲಿ ಅಂಟಿಸುವುದೂ ಅದೇ. ಕಾಗದದ ಕಾರ್ಖಾನೆಯಲ್ಲಿ ಈ ಪದರ ನಾರಿನಿಂದ ಬೇಗ ಬಿಡುವುದಿಲ್ಲ, ಬಿಟ್ಟರೂ ಚೂರುಚೂರಾಗಿ ಜಾಲರಿಗೆ ಸಿಕ್ಕಿಕೊಳ್ಳುತ್ತದೆ. ಒಳಗೆ ಉಳಿದ ಸಕ್ಕರೆ ಹಾಲು ಬೇರೆ ಹುಳಿಯುತ್ತದೆ. ಹಾಗಾಗಿ ರದ್ದಿಯವರು ಇವನ್ನು ಹೆಚ್ಚಾಗಿ ಮುಟ್ಟುವುದಿಲ್ಲ. ಖರಗ್‌ಪುರದ ಐಐಟಿಯ ಸಂಶೋಧಕರು 2020ರಲ್ಲಿ ತೋರಿಸಿದಂತೆ, 85–90 ಡಿಗ್ರಿಯ 100 ಮಿ.ಲೀ. ನೀರು ಇಂಥ ಕಪ್ಪಿನಲ್ಲಿ 15 ನಿಮಿಷ ನಿಂತರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಸೇರಿಕೊಳ್ಳುತ್ತವೆ. 2022ರ ಜುಲೈ 1ರಿಂದ ದೇಶದಲ್ಲಿ ಪ್ಲಾಸ್ಟಿಕ್ ಕಪ್, ಲೋಟ ನಿಷೇಧವಾದಾಗ ಈ ಪದರವಿರುವ ಪೇಪರ್ ಕಪ್ ಆ ಪಟ್ಟಿಯಲ್ಲಿರಲಿಲ್ಲ. ಹೆಸರು "ಪೇಪರ್", ನಿಜದಲ್ಲಿ ಪೇಪರ್, ಪ್ಲಾಸ್ಟಿಕ್ ಎರಡೂ.

ಒಮ್ಮೆ ಚಹಾ ಕುಡಿದು ಬಿಸಾಡುವ ಮಣ್ಣಿನ ಲೋಟ, ಕುಲ್ಹಡ್ ಬಗ್ಗೆ ಒಂದು ಮಾತು. 2004ರಲ್ಲಿ ಲಾಲು ಪ್ರಸಾದ್ ರೈಲ್ವೆ ಸಚಿವರಾಗಿದ್ದಾಗ ನಿಲ್ದಾಣಗಳಿಗೆ ಅದನ್ನು ತಂದರು. "ಮಣ್ಣಿನಿಂದ ಬಂತು, ಮಣ್ಣಿಗೆ ಹೋಯಿತು" ಎಂದು ನಿಮ್ಮ ಉತ್ತರದಲ್ಲಿ ಬರೆಯಬೇಡಿ. ಆವಿಗೆಯಲ್ಲಿ ಬೆಂದ ಜೇಡಿಯ ಒಳಗಿನ ನೀರು ಹೋಗಿ ಅದರ ರಚನೆಯೇ ಬದಲಾಗಿರುತ್ತದೆ, ಮತ್ತೆ ಕಲಸಿದರೆ ಜೇಡಿಯಾಗುವುದಿಲ್ಲ, ಉಳಿಯುವುದು ಬೋಕಿ. ಒಂದೇ ಚಹಾಕ್ಕೆ ಅಷ್ಟು ಸೌದೆ ಉರಿದಿರುತ್ತದೆ. ವಿಷವಿಲ್ಲ, ಪ್ಲಾಸ್ಟಿಕ್ ಇಲ್ಲ ಎಂಬುದು ಅದರ ನಿಜವಾದ ಅನುಕೂಲ. ಕುಂಬಾರರಿಗೆ ಸಿಗುವ ಕೂಲಿ ಇನ್ನೊಂದು.